ಜಪಾನಿನ ಮಕ್ಕಳ ಹೆಸರು, ಕಾಂಜಿ ಮತ್ತು ಅರ್ಥ: ಪದೇ ಪದೇ ಕೇಳುವ ಪ್ರಶ್ನೆಗಳು

ಜಪಾನೀಸ್ ಕಲಿಯುತ್ತಿರುವವರು, ಅನಿಮೆ ನೋಡುವ ಹುಡುಗ ಹುಡುಗಿಯರು, ಕೆಲಸಕ್ಕೆಂದು ಜಪಾನಿಗೆ ಹೋಗಿ ಅಲ್ಲೇ ಮಗು ಹೆತ್ತ ನಮ್ಮ ಕಡೆಯವರು, ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: "ಈ ಹೆಸರಿನ ಅರ್ಥ ಏನು?" ಅಂತರ್ಜಾಲದ ಹೆಸರಿನ ಪಟ್ಟಿಗಳು ಪ್ರತಿ ಹೆಸರಿನ ಮುಂದೆ ಒಂದೊಂದು ಅರ್ಥ ಬರೆದು ಕೈ ತೊಳೆದುಕೊಳ್ಳುತ್ತವೆ. ಅವನ್ನು ನಂಬಬೇಡಿ. ಕಾಂಜಿ ಎಂದರೆ ಚೀನಾದಿಂದ ಬಂದ, ಒಂದೊಂದಕ್ಕೂ ಅರ್ಥ ಇರುವ ಅಕ್ಷರ. ಅದನ್ನು ನೋಡದೆ ಜಪಾನಿನ ಹೆಸರಿಗೆ ಅರ್ಥ ಹೇಳಲು ಆಗುವುದಿಲ್ಲ.

ಓದುವ ಮುಂಚೆ ಒಂದು ಮಾತು. ಇಲ್ಲಿ ಪ್ರತಿ ಕಾಂಜಿಯನ್ನೂ ಅದರ ಅರ್ಥದಿಂದಲೇ ಕರೆದಿದ್ದೇನೆ, 'ಬಿಸಿಲು' ಕಾಂಜಿ, 'ಮರ' ಕಾಂಜಿ ಅಂತ. ಜಪಾನಿನವರೂ ಫೋನಿನಲ್ಲಿ ಹೆಸರು ಬರೆಸುವಾಗ ಹೆಚ್ಚು ಕಡಿಮೆ ಹೀಗೇ ಹೇಳುತ್ತಾರೆ.

ಹರುತೊ ಅನ್ನುವ ಹೆಸರಿನ ಅರ್ಥ ಏನು?

ಯಾವ ಹರುತೊ? ಒಬ್ಬ ತನ್ನ ಹೆಸರನ್ನು 'ಬಿಸಿಲು' ಮತ್ತು 'ಹಾರಾಟ' ಎಂಬ ಎರಡು ಕಾಂಜಿಗಳಿಂದ ಬರೆಯುತ್ತಾನೆ. ಇನ್ನೊಬ್ಬನದು 'ದೊಡ್ಡ' ಮತ್ತು 'ಹಾರಾಟ'. ಮತ್ತೊಬ್ಬನದು 'ನಿರಾಳ' ಮತ್ತು 'ಮನುಷ್ಯ'. ಮಗದೊಬ್ಬನದು 'ತಿಳಿಯಾದ ಆಕಾಶ' ಮತ್ತು 'ಸೌಟು'. ಮೇಷ್ಟ್ರು ಹಾಜರಿ ಕೂಗಿದರೆ ನಾಲ್ವರೂ ಕೈ ಎತ್ತುತ್ತಾರೆ. ನೋಟ್‌ಬುಕ್ಕಿನ ಮೇಲೆ ನೋಡಿದರೆ ನಾಲ್ಕೂ ಬೇರೆ ಬೇರೆ ಹೆಸರು.

ಸೌಟು ಎಲ್ಲಿಂದ ಬಂತು ಅನ್ನಿಸಿತಲ್ವಾ? 'ತೊ' ಎಂದು ಓದುವ ಆ ಕಾಂಜಿ ಮೊದಲು ದೊಡ್ಡ ಸೌಟನ್ನು ಸೂಚಿಸುತ್ತಿತ್ತು. ಆಮೇಲೆ ಅಕ್ಕಿ, ಸಾಕೆ ಎಂಬ ಅಕ್ಕಿ ಮದ್ಯ ಅಳೆಯುವ ಒಂದು ಅಳತೆಯಾಯಿತು, ಈಗಿನ ಲೆಕ್ಕಕ್ಕೆ ಸುಮಾರು 18 ಲೀಟರ್. ಆದರೆ ತಂದೆ ತಾಯಿ ಅದರಲ್ಲಿ ಕಾಣುವುದು ಸೌಟನ್ನಲ್ಲ. ನಾವು ಸಪ್ತರ್ಷಿ ಮಂಡಲ ಅನ್ನುವ ಏಳು ನಕ್ಷತ್ರಗಳಿಗೆ ಜಪಾನಿನಲ್ಲಿ 'ಹೊಕುತೊ' ಎಂಬ ಹೆಸರಿದೆ, ಅಂದರೆ ಬಡಗಣ ದಿಕ್ಕಿನ ಸೌಟು. ಅಲ್ಲಿರುವುದೂ ಇದೇ ಕಾಂಜಿ. ಹಾಗಾಗಿ ಮಗನ ಹೆಸರಿನಲ್ಲಿ ಅದನ್ನು ಇಡುವವರ ಕಣ್ಣ ಮುಂದೆ ಇರುವುದು ನಕ್ಷತ್ರ.

ನಿಘಂಟು ತೆಗೆದು ಎರಡು ಅರ್ಥ ಕೂಡಿಸಿದರೆ ಹೆಸರಿನ ಅರ್ಥ ಸಿಗುವುದಿಲ್ಲ. ಆ ಕಾಂಜಿ ಯಾವ ಯಾವ ಪದಗಳಲ್ಲಿ ಬರುತ್ತದೆ, ಅದನ್ನು ನೋಡಿದಾಗ ಜಪಾನಿನವರಿಗೆ ಏನು ನೆನಪಾಗುತ್ತದೆ, ಮನೆಯವರು ಯಾವ ಆಸೆಯಿಂದ ಆರಿಸಿದರು, ಇವೆಲ್ಲ ಸೇರಿ ಅರ್ಥ.

ಹಾಗಾದರೆ ಕಾಂಜಿ ನೋಡಿದ ಕೂಡಲೇ ಹೆಸರು ಓದಬಹುದಾ?

ಅದೂ ಖಾತ್ರಿ ಇಲ್ಲ. 'ದೊಡ್ಡ' ಮತ್ತು 'ಹಾರಾಟ' ಸೇರಿದ ಅದೇ ಹೆಸರನ್ನು ಹರುತೊ ಅಂತಲೂ, ಹಿರೊತೊ ಅಂತಲೂ, ಯಮಾತೊ ಅಂತಲೂ ಓದುವ ಮನೆಗಳಿವೆ. ಒಂದು ಕಾಂಜಿಗೆ ಚೀನಾದಿಂದ ಬಂದ ಓದು ಒಂದು, ಜಪಾನಿನದೇ ಓದು ಇನ್ನೊಂದು. ಇವೆರಡೂ ಸಾಲದು ಅಂತ ಹೆಸರುಗಳಲ್ಲಿ ಮಾತ್ರ ಬಳಸುವ 'ನನೊರಿ' ಎಂಬ ಓದುಗಳು ಬೇರೆ. 'ಸಾಮರಸ್ಯ' ಎಂಬ ಕಾಂಜಿಯನ್ನು ಸಾಮಾನ್ಯ ಪದಗಳಲ್ಲಿ 'ವಾ' ಎಂದು ಓದುತ್ತಾರೆ. ಹೆಸರಿಗೆ ಬಂದರೆ ಅದು 'ಕಜು' ಆಗುತ್ತದೆ, 'ಮಸ' ಆಗುತ್ತದೆ, 'ಯಸು' ಆಗುತ್ತದೆ.

ಅದಕ್ಕೇ ಜಪಾನಿನಲ್ಲಿ ಯಾವ ಫಾರಂ ತುಂಬಿದರೂ ಹೆಸರಿನ ಜೊತೆ 'ಫುರಿಗಾನ'ಕ್ಕೆ ಒಂದು ಜಾಗ ಇರುತ್ತದೆ. ಓದುವುದು ಹೀಗೆ ಅಂತ ಅಲ್ಲಿ ಸದ್ದನ್ನು ಮಾತ್ರ ಬರೆಯುವ ಕಾನಾ ಲಿಪಿಯಲ್ಲಿ ಬರೆಯಬೇಕು. ಹೊಸಬರ ವಿಸಿಟಿಂಗ್ ಕಾರ್ಡ್ ಕೈಗೆ ಬಂದಾಗ "ಇದನ್ನು ಹೇಗೆ ಓದಬೇಕು?" ಎಂದು ಕೇಳುವುದು ಅಲ್ಲಿ ಮುಜುಗರದ ವಿಷಯವಲ್ಲ. ಜಪಾನಿನವರೇ ಜಪಾನಿನವರನ್ನು ಹಾಗೆ ಕೇಳುತ್ತಾರೆ.

ತಂದೆ ತಾಯಿ ಮೊದಲು ಆರಿಸುವುದು ಸದ್ದನ್ನೋ, ಕಾಂಜಿಯನ್ನೋ?

ಎರಡೂ ದಾರಿ ಇವೆ. ಕೆಲವರು "ಅಓಯಿ ಅಂತ ಕರೆಯೋಣ" ಎಂದು ಸದ್ದನ್ನು ನಿಕ್ಕಿ ಮಾಡಿ, ಆಮೇಲೆ ಕಾಂಜಿ ಹುಡುಕುತ್ತಾರೆ. ಕೆಲವರಿಗೆ ಒಂದು ಕಾಂಜಿ ಇರಲೇಬೇಕು, ಅಪ್ಪನ ಹೆಸರಿನದೋ, ಅಜ್ಜಿಯ ಹೆಸರಿನದೋ. ಅದರ ಸುತ್ತ ಹೆಸರು ಕಟ್ಟುತ್ತಾರೆ. ಹೀಗೆ ಮನೆತನದ ಒಂದು ಕಾಂಜಿ ತಲೆಮಾರಿನಿಂದ ತಲೆಮಾರಿಗೆ ಇಳಿಯುವುದು ಹಳೆಯ ಪದ್ಧತಿ. ಹಿಂದೆ ಜಪಾನನ್ನು ಆಳಿದ ಸೇನಾಧಿಪತಿಗಳಾದ ತೊಕುಗಾವಾ ಶೋಗುನರಲ್ಲಿ ಇಎಯಾಸು, ಇಎಮಿತ್ಸು, ಇಎತ್ಸುನಾ ಹೀಗೆ ಸಾಲಾಗಿ 'ಇಎ' ಬರುವುದು 'ಮನೆ' ಎಂಬ ಕಾಂಜಿಯಿಂದ.

ಮನೆಯವರ ಆಸೆ ನಿಘಂಟಿಗೆ ಸಿಗುವುದಿಲ್ಲ ಎಂಬುದಕ್ಕೆ ಬೇಸ್‌ಬಾಲ್ ಆಟಗಾರ ಶೋಹೆಯಿ ಓತಾನಿಯ ಹೆಸರು ಒಳ್ಳೆಯ ಉದಾಹರಣೆ. ಮೊದಲ ಕಾಂಜಿ 'ಹಾರಾಟ', ಎರಡನೆಯದು 'ಸಮತಟ್ಟು' ಅಥವಾ 'ಶಾಂತಿ'. ಕೂಡಿಸಿದರೆ ಏನೂ ಹೊಳೆಯುವುದಿಲ್ಲ. ಅವರು ಹುಟ್ಟಿದ್ದು 1994ರಲ್ಲಿ ಇವಾತೆ ಪ್ರಾಂತದಲ್ಲಿ. ಅದೇ ಪ್ರಾಂತದ ಹಿರಾಇಜುಮಿ ಎಂಬ ಊರಿನಲ್ಲಿ ವೀರ ಮಿನಾಮೊತೊ ನೊ ಯೊಶಿತ್ಸುನೆ ತನ್ನ ಕೊನೆಯ ದಿನಗಳನ್ನು ಕಳೆದದ್ದು. ಹಾರಿ ಜಿಗಿಯುವುದರಲ್ಲಿ ಯೊಶಿತ್ಸುನೆ ಹೆಸರುವಾಸಿ, 'ಹಾರಾಟ' ಬಂದದ್ದು ಅವನಿಂದ. 'ಸಮತಟ್ಟು' ಬಂದದ್ದು ಹಿರಾಇಜುಮಿ ಎಂಬ ಊರ ಹೆಸರಿನ ಮೊದಲ ಕಾಂಜಿಯಿಂದ. ತಂದೆ ಮಗನ ಹೆಸರಿನಲ್ಲಿ ತನ್ನ ನಾಡಿನ ಕಥೆಯನ್ನೇ ಇಟ್ಟರು. ಇದು ಯಾವ ನಿಘಂಟಿನಲ್ಲಿ ಸಿಗುತ್ತದೆ ಹೇಳಿ?

ಸದ್ದು ಅದೇ ಇದ್ದು ಒಂದು ಕಾಂಜಿ ಬದಲಾದರೆ ಅಷ್ಟೊಂದು ವ್ಯತ್ಯಾಸ ಆಗುತ್ತದಾ?

ಆಗುತ್ತದೆ. ಇನ್ನೊಬ್ಬ ಬೇಸ್‌ಬಾಲ್ ದಿಗ್ಗಜ ಇಚಿರೊ ಸುಜುಕಿಯನ್ನೇ ನೋಡಿ. ಇಚಿರೊ ಎಂಬುದು ಹಿರಿಯ ಮಗನಿಗೆ ಇಡುವ ತೀರಾ ಹಳೆಯ ಹೆಸರು. 'ಒಂದು' ಮತ್ತು 'ಗಂಡು ಮಗ' ಸೇರಿದರೆ ಇಚಿರೊ, ಅಂದರೆ ಮೊದಲ ಮಗ. ಎರಡನೆಯವನು ಜಿರೊ, ಮೂರನೆಯವನು ಸಬುರೊ. ಆದರೆ ಸುಜುಕಿಯವರು ಮನೆಯ ಎರಡನೇ ಮಗ! ಅವರ ಹೆಸರಿನಲ್ಲಿ 'ರೊ' ಎಂದು ಓದುವ ಕಾಂಜಿ 'ಗಂಡು ಮಗ' ಅಲ್ಲ, ಅದನ್ನೇ ಹೋಲುವ ಇನ್ನೊಂದು. ಅದರ ಅರ್ಥ 'ಲವಲವಿಕೆ', 'ತಿಳಿ ಬೆಳಕು'.

ಬರೆದು ನೋಡಿದರೆ ಎರಡೂ ಕಾಂಜಿಗಳ ಎಡಭಾಗ ಹೆಚ್ಚು ಕಡಿಮೆ ಒಂದೇ. ಬಲಗಡೆ ಒಂದರಲ್ಲಿ ಕಿವಿಯ ಹಾಗೆ ಬಾಗಿದ ಗೆರೆ, ಇನ್ನೊಂದರಲ್ಲಿ 'ಚಂದ್ರ'. ಅಷ್ಟು ಚಿಕ್ಕ ವ್ಯತ್ಯಾಸದಿಂದ ಹುಟ್ಟಿದ ಕ್ರಮ ಹೇಳುವ ಹೆಸರು ಹೋಗಿ ಸ್ವಭಾವ ಹೇಳುವ ಹೆಸರಾಯಿತು. ಕಿವಿಗೆ ಎರಡೂ ಇಚಿರೊ.

ಯಾವ ಕಾಂಜಿ ಬೇಕಾದರೂ ಇಡಬಹುದಾ?

ಇಲ್ಲ. ಇದಕ್ಕೆ ಕಾನೂನೇ ಇದೆ. 1948ರ ಜನವರಿಯಿಂದ ಜಾರಿಗೆ ಬಂದ ಕುಟುಂಬ ದಾಖಲೆ ಕಾಯ್ದೆ, ಮಗುವಿನ ಹೆಸರಿಗೆ 'ಎಲ್ಲರಿಗೂ ಗೊತ್ತಿರುವ, ಸುಲಭದ' ಅಕ್ಷರಗಳನ್ನೇ ಬಳಸಬೇಕು ಎನ್ನುತ್ತದೆ. ಆಗ ಒಪ್ಪಿಗೆ ಇದ್ದದ್ದು 1,850 ಕಾಂಜಿಗಳಿಗೆ. ಹೆಸರಿಗೆ ತುಂಬಾ ಬೇಕಾದ ಕಾಂಜಿಗಳೇ ಅದರಲ್ಲಿ ಇರಲಿಲ್ಲ. ಜನ ಗಲಾಟೆ ಮಾಡಿದರು. 1951ರಲ್ಲಿ ಹೆಸರಿಗಾಗಿಯೇ 92 ಕಾಂಜಿ ಸೇರಿಸಿದರು. ಅಲ್ಲಿಂದ ಪಟ್ಟಿ ಬೆಳೆಯುತ್ತಲೇ ಬಂದಿದೆ. ಈಗ ದಿನಬಳಕೆಯ ಪಟ್ಟಿಯಲ್ಲಿ 2,136, ಹೆಸರಿಗೆಂದೇ ಇರುವ ಪಟ್ಟಿಯಲ್ಲಿ 863. ಒಟ್ಟು 2,999.

ಹೆಸರುಗಳ ಫ್ಯಾಷನ್ನನ್ನು ಈ ಪಟ್ಟಿ ಎಷ್ಟು ಹಿಡಿದಿಟ್ಟಿತ್ತು ನೋಡಿ. ಇವತ್ತು ಹೆಣ್ಣು ಮಕ್ಕಳಿಗೂ ಗಂಡು ಮಕ್ಕಳಿಗೂ ಇಡುವ ಅಓಯಿ ಎಂಬ ಹೂವಿನ ಕಾಂಜಿಗೆ ಒಪ್ಪಿಗೆ ಸಿಕ್ಕಿದ್ದು 1976ರಲ್ಲಿ. ಮೇಲೆ ಹೇಳಿದ 'ಹಾರಾಟ'ಕ್ಕೆ 1981ರಲ್ಲಿ. ಅಂದರೆ ಯುದ್ಧ ಮುಗಿದ ಮೇಲಿನ ಮೂರು ದಶಕ ಯಾವ ತಾಯಿಯೂ ಮಗನ ಹೆಸರಿನಲ್ಲಿ ಆ 'ಹಾರಾಟ'ವನ್ನು ಬರೆಸಲು ಆಗುತ್ತಿರಲಿಲ್ಲ.

ಒಂದು ಕಾಂಜಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋದ ಪ್ರಕರಣವೂ ಇದೆ. ಮುತ್ತಜ್ಜ ಎನ್ನುವ ಪದದಲ್ಲಿ ಬರುವ 'ಸೊ' ಎಂಬ ಕಾಂಜಿಯನ್ನು ಮಗುವಿನ ಹೆಸರಿಗೆ ಬಳಸಲು ಸರ್ಕಾರಿ ಕಚೇರಿ ಬಿಡಲಿಲ್ಲ. ಎಲ್ಲರಿಗೂ ಗೊತ್ತಿರುವ ಕಾಂಜಿ ಇದು, ಬೇಡ ಅನ್ನುವ ಹಾಗಿಲ್ಲ ಎಂದು 2003ರ ಡಿಸೆಂಬರಿನಲ್ಲಿ ಕೋರ್ಟ್ ಹೇಳಿತು. ಅದಾದ ಮೇಲೆ ಸರ್ಕಾರ ಪಟ್ಟಿಯನ್ನು ದೊಡ್ಡದಾಗಿ ಹಿಗ್ಗಿಸಲು ಹೊರಟಿತು. 2004ರ ಕರಡಿನಲ್ಲಿ 578 ಕಾಂಜಿಗಳಿದ್ದವು. ಎಷ್ಟು ಬಳಕೆಯಲ್ಲಿವೆ ಎಂದು ಮಾತ್ರ ನೋಡಿ ಆರಿಸಿದ್ದರಿಂದ 'ಶಾಪ', 'ಹೆಣ', 'ಕ್ಯಾನ್ಸರ್', 'ಮಲ' ಇವೂ ಒಳಗೆ ಬಂದಿದ್ದವು. ಇಂಥವನ್ನು ಮಗುವಿಗೆ ಯಾರು ಇಡುತ್ತಾರೆ ಅಂತ ಜನ ಸಿಟ್ಟಾದರು. ಅವನ್ನೆಲ್ಲ ತೆಗೆದು ಕೊನೆಗೆ 488 ಸೇರಿಸಿದರು. 'ಸ್ಟ್ರಾಬೆರಿ' ಕಾಂಜಿ ಒಳಗೆ ಬಂದದ್ದು ಆಗಲೇ.

ಪಟ್ಟಿಯಲ್ಲಿ ಇದ್ದರೆ ಸಾಕಾ? ಕೆಟ್ಟ ಅರ್ಥ ಬಂದರೂ ನಡೆಯುತ್ತದಾ?

ಇದೇ ಪ್ರಶ್ನೆ 1993ರಲ್ಲಿ ಇಡೀ ದೇಶದಲ್ಲಿ ಎದ್ದಿತ್ತು. ಟೋಕಿಯೋ ಪ್ರಾಂತದ ಅಕಿಶಿಮಾ ನಗರದಲ್ಲಿ ಒಬ್ಬ ತಂದೆ ಮಗನಿಗೆ 'ಅಕುಮಾ' ಎಂದು ಹೆಸರು ಬರೆಸಲು ಬಂದ. ಅಕುಮಾ ಎಂದರೆ ಪಿಶಾಚಿ, ಸೈತಾನ. 'ಕೆಟ್ಟದ್ದು' ಮತ್ತು 'ಭೂತ' ಎಂಬ ಎರಡು ಕಾಂಜಿಗಳೂ ದಿನಬಳಕೆಯ ಪಟ್ಟಿಯಲ್ಲೇ ಇದ್ದವು. ಆದರೂ ನಗರಸಭೆ ತಡೆಯಿತು. ವಿಷಯ ಕೌಟುಂಬಿಕ ನ್ಯಾಯಾಲಯಕ್ಕೆ ಹೋಯಿತು. ಕೊನೆಗೆ ಮಗುವಿಗೆ ಬೇರೆ ಹೆಸರು ಇಟ್ಟರು. ಹೆಸರಿಡುವುದು ತಂದೆ ತಾಯಿಯ ಹಕ್ಕು ನಿಜ. ಆದರೆ ಆ ಹೆಸರನ್ನು ಹೊತ್ತು ಶಾಲೆಗೆ ಹೋಗಬೇಕಾದದ್ದು ಮಗು. ಆ ತಡೆ ಸರಿಯಾಗಿತ್ತು ಎಂದೇ ನನ್ನ ಅಭಿಪ್ರಾಯ.

ಒಳ್ಳೆಯ ಕಾಂಜಿಗಳನ್ನೇ ಸೇರಿಸಿದರೂ ಎಡವಟ್ಟು ಆಗಬಹುದಾ?

ತುಂಬಾ ಸಲ ಆಗುತ್ತದೆ. 'ಸಮುದ್ರ' ಮತ್ತು 'ಚಂದ್ರ' ಸೇರಿದರೆ ಎಷ್ಟು ಚೆಂದದ ಚಿತ್ರ ಅಲ್ವಾ? ಆದರೆ ಆ ಎರಡು ಕಾಂಜಿ ಸೇರಿದ ಪದ ಆಗಲೇ ಇದೆ, ಅದರ ಅರ್ಥ ಅಂಬಲಿ ಮೀನು, ಜೆಲ್ಲಿಫಿಶ್. 'ಸಮುದ್ರ' ಮತ್ತು 'ನಕ್ಷತ್ರ' ಸೇರಿದರೆ ನಕ್ಷತ್ರ ಮೀನು. 'ಹೃದಯ' ಮತ್ತು 'ದಪ್ಪ' ಸೇರಿಸಿ ದೊಡ್ಡ ಮನಸ್ಸಿನವನಾಗಲಿ ಎಂದು ಹೆಸರಿಟ್ಟರೆ, ಓದಿದವರಿಗೆ ಮೊದಲು ನೆನಪಾಗುವುದು ತೊಕೊರೊತೆನ್, ಕಡಲ ಪಾಚಿಯಿಂದ ಮಾಡಿ ಶಾವಿಗೆಯ ಹಾಗೆ ಒತ್ತಿ ತಿನ್ನುವ ಒಂದು ತಿಂಡಿ. ಇವು ನಕ್ಕು ಮರೆಯಬಹುದಾದವು. 'ನೀರು' ಮತ್ತು 'ಮಗು' ಸೇರಿದರೆ ಹಾಗಲ್ಲ. ಅದು ಮಿಜುಕೊ, ಹುಟ್ಟುವ ಮುಂಚೆಯೇ ಹೋದ ಕೂಸಿಗೆ ಹೇಳುವ ಮಾತು. ಆ ಮಕ್ಕಳಿಗಾಗಿ ದೇವಸ್ಥಾನಗಳಲ್ಲಿ ಪೂಜೆ ಮಾಡಿಸುತ್ತಾರೆ. ಅದು ಯಾರ ಹೆಸರೂ ಆಗಬಾರದು.

ಒಂದೇ ಕಾಂಜಿಯ ಒಳಗೂ ಹೀಗೆ ದಾರಿ ತಪ್ಪುವುದುಂಟು. ಎಡಗಡೆ 'ಚಂದ್ರ', ಬಲಗಡೆ 'ಬೆಳಕು' ಇರುವ ಒಂದು ಕಾಂಜಿ ಇದೆ. ಬೆಳದಿಂಗಳು ಇರಬೇಕು ಅಂತ ಯಾರಿಗಾದರೂ ಅನ್ನಿಸುತ್ತದೆ. ಅದು ಮೂತ್ರಕೋಶ! ಅಲ್ಲಿ ಎಡಗಡೆ ಇರುವುದು ಚಂದ್ರ ಅಲ್ಲ, ಚಂದ್ರನ ಹಾಗೇ ಕಾಣುವ 'ಮಾಂಸ'. ಹೊಟ್ಟೆ, ಕರುಳು, ಪಿತ್ತಕೋಶ ಹೀಗೆ ದೇಹದ ಭಾಗಗಳ ಕಾಂಜಿಗಳಲ್ಲೆಲ್ಲ ಈ 'ಮಾಂಸ' ಬರುತ್ತದೆ. ಅದರ ಪಕ್ಕ 'ನಕ್ಷತ್ರ' ಬರೆದರೆ ಹಸಿ ಮೀನು, ಹಸಿ ಮಾಂಸದ ವಾಸನೆ. ಈ ಎರಡೂ ಹೆಸರಿನ ಪಟ್ಟಿಯಲ್ಲಿಲ್ಲ, ಪುಣ್ಯಕ್ಕೆ.

ಕಾಂಜಿಯ ತುಂಡುಗಳನ್ನು ಬಿಡಿಸಿ ಅರ್ಥ ಹುಡುಕುವುದು ಸರಿಯಾ?

ತಂದೆ ತಾಯಿ ಹುಡುಕುತ್ತಾರೆ, ಪಂಡಿತರು ಎಚ್ಚರ ಹೇಳುತ್ತಾರೆ. 'ಮೃದು ಮನಸ್ಸು' ಮತ್ತು 'ಮೇಲುಗೈ' ಎರಡೂ ಅರ್ಥ ಇರುವ, 'ಯೂ' ಎಂದು ಓದುವ ಕಾಂಜಿ ಹೆಸರುಗಳಲ್ಲಿ ತುಂಬಾ ಬರುತ್ತದೆ. ಅದನ್ನು ಬಿಡಿಸಿದರೆ ಎಡಗಡೆ 'ಮನುಷ್ಯ', ಬಲಗಡೆ 'ದುಃಖ'. ದುಃಖದಲ್ಲಿರುವವರ ಪಕ್ಕ ನಿಲ್ಲುವ ಮನುಷ್ಯ ಅಂತ ಅನೇಕರು ಅದನ್ನು ವಿವರಿಸುತ್ತಾರೆ. ನನಗೆ ಆ ವಿವರಣೆ ತುಂಬಾ ಇಷ್ಟ. ಅಕ್ಷರದ ಹುಟ್ಟು ಹಾಗೇ ಇತ್ತು ಎಂದು ಅಲ್ಲ, ಹೆಸರಿಟ್ಟವರ ಮನಸ್ಸು ಹಾಗಿತ್ತು ಎಂದು. ಇನ್ನೊಂದು ಕಡೆ, 'ಸುಖ' ಎಂಬ ಕಾಂಜಿ ಹುಟ್ಟಿದ್ದು ಕೈಕೋಳದ ಚಿತ್ರದಿಂದ ಎಂದು ಹೇಳುವ ವಿದ್ವಾಂಸರಿದ್ದಾರೆ. ಹಾಗಂತ ಯಾರೂ ಆ ಕಾಂಜಿ ಬಿಟ್ಟಿಲ್ಲ. ಇವತ್ತು ಅದನ್ನು ನೋಡಿದವರಿಗೆ ನೆನಪಾಗುವುದು ಸುಖವೇ.

2011ರ ಭೂಕಂಪ, ಸುನಾಮಿಯ ನಂತರ ಆ ವರ್ಷದ ಕಾಂಜಿ ಎಂದು ಆಯ್ಕೆಯಾದದ್ದು 'ಕಿಜುನಾ', ಮನುಷ್ಯರ ನಡುವಿನ ನಂಟು. ಕ್ಯೋಟೋದ ಕಿಯೊಮಿಜು ದೇವಸ್ಥಾನದಲ್ಲಿ ಮುಖ್ಯ ಅರ್ಚಕರು ಅದನ್ನು ದೊಡ್ಡ ಕುಂಚದಲ್ಲಿ ಬರೆದರು. ಹಳೆಯ ಕಾಲದಲ್ಲಿ ಅದು ದನ, ಕುದುರೆ ಕಟ್ಟುವ ಹಗ್ಗ. ಕಟ್ಟಿ ಹಾಕುವ ಹಗ್ಗವೇ ಕೈ ಬಿಡದ ನಂಟಾಯಿತು.

'ಕಿರಾಕಿರಾ' ಹೆಸರು ಅಂದರೆ ಏನು?

ಕಿರಾಕಿರಾ ಎಂದರೆ ಮಿನುಗುವುದು, ಥಳಥಳ. ಯಾರೂ ಊಹಿಸಲಾಗದ ಓದು ಇರುವ ಹೆಸರುಗಳಿಗೆ ಹೀಗೆ ಹೇಳುತ್ತಾರೆ. 'ಚಂದ್ರ' ಎಂದು ಒಂದೇ ಕಾಂಜಿ ಬರೆದು 'ರುನಾ', ಅಂದರೆ ಲ್ಯಾಟಿನ್ ಭಾಷೆಯಲ್ಲಿ ಚಂದ್ರನಿಗೆ ಇರುವ 'ಲೂನಾ' ಪದ, ಎಂದು ಓದಿಸುವುದು ಇದಕ್ಕೆ ಉದಾಹರಣೆ. ಇದು ಈಗಿನ ಕಾಲದವರ ಹುಚ್ಚು ಎಂದು ಬೈಯುವವರು ಜಾಸ್ತಿ.

ಬೈಯುವ ಮುಂಚೆ ಮೊರಿ ಓಗಾಯಿಯವರ ಮನೆಯನ್ನು ನೋಡಬೇಕು. ಓಗಾಯಿ (1862–1922) ಸೈನ್ಯದ ವೈದ್ಯ, ದೊಡ್ಡ ಸಾಹಿತಿ, 1884ರಿಂದ 1888ರವರೆಗೆ ಜರ್ಮನಿಯಲ್ಲಿ ಓದಿದವರು. ಮಕ್ಕಳಿಗೆ ಇಟ್ಟ ಹೆಸರುಗಳು ಒತೊ, ಮಾರಿ, ಅನ್ನು, ಫುರಿತ್ಸು, ರುಇ. ಜೋರಾಗಿ ಹೇಳಿ ನೋಡಿ: ಒಟ್ಟೊ, ಮಾರಿ, ಆನ್, ಫ್ರಿಟ್ಸ್, ಲೂಯಿ! ಯೂರೋಪಿನ ಸದ್ದು, ಕಾಂಜಿಯ ಬಟ್ಟೆ. ಆದರೆ ಕಾಂಜಿಗಳನ್ನು ಸುಮ್ನೆ ಆರಿಸಿದ್ದಲ್ಲ. ಹಿರಿಯ ಮಗ ಒತೊ ಹುಟ್ಟಿದ್ದು 1890ರಲ್ಲಿ, ಅದು ಹುಲಿಯ ವರ್ಷ. ಅವನ ಹೆಸರಿಗೆ ಬಳಸಿದ ಎರಡು ಕಾಂಜಿ ಹಳೆಯ ಚೀನೀ ಗ್ರಂಥದಲ್ಲಿ ಹುಲಿಗೆ ಇದ್ದ ಹೆಸರು. ಒಂದೇ ಹೆಸರಿನಲ್ಲಿ ಜರ್ಮನಿ, ಹಳೆಯ ಚೀನಾ, ಹುಟ್ಟಿದ ವರ್ಷ ಮೂರೂ ಕೂತಿವೆ. ಓದಲು ಕಷ್ಟವಾದರೂ ಹಿಂದೆ ಇಂಥ ಯೋಚನೆ ಇದ್ದರೆ ಆ ಹೆಸರಿಗೆ ತೂಕ ಇದೆ.

ಈಗ ಓದಿನ ಮೇಲೂ ಕಾನೂನು ಬಂದಿದೆಯಂತೆ?

ಹೌದು, 2025ರ ಮೇ 26ರಿಂದ. ಅಲ್ಲಿಯವರೆಗೆ 'ಕೊಸೆಕಿ' ಎಂಬ ಕುಟುಂಬ ದಾಖಲೆಯಲ್ಲಿ ಕಾಂಜಿ ಮಾತ್ರ ಇರುತ್ತಿತ್ತು, ಓದು ಇರುತ್ತಿರಲಿಲ್ಲ. ಈಗ ಫುರಿಗಾನವೂ ದಾಖಲಾಗುತ್ತದೆ. ಆ ಓದು ಆ ಕಾಂಜಿಗೆ ಸಾಮಾನ್ಯವಾಗಿ ಒಪ್ಪಿಕೊಂಡದ್ದಾಗಿರಬೇಕು. 'ಎತ್ತರ' ಎಂಬ ಕಾಂಜಿ ಬರೆದು 'ಹಿಕುಶಿ' ಅಂದರೆ ಕುಳ್ಳ ಎಂದು ಓದಿಸುವ ಹಾಗಿಲ್ಲ. 'ತರೊ' ಎಂದು ಬರೆದು 'ಜಿರೊ' ಎಂದೋ 'ಮೈಕೆಲ್' ಎಂದೋ ಓದಿಸುವ ಹಾಗಿಲ್ಲ. ಆದರೆ ನನೊರಿ ಓದುಗಳಿಗೆ, ಕಾಂಜಿಯ ಓದಿನ ಒಂದು ತುಂಡನ್ನು ಮಾತ್ರ ತೆಗೆದುಕೊಳ್ಳುವ ಪದ್ಧತಿಗೆ ಜಾಗ ಉಳಿಸಿದ್ದಾರೆ. ಅದು ಒಳ್ಳೆಯದಾಯಿತು. ಅದನ್ನೂ ಮುಚ್ಚಿದ್ದರೆ ಜಪಾನಿನ ಅರ್ಧ ಹೆಸರುಗಳಿಗೆ ಉಸಿರು ಕಟ್ಟುತ್ತಿತ್ತು.

ಹೆಸರು ನೋಡಿ ವಯಸ್ಸು ಹೇಳಬಹುದಾ?

ಎಷ್ಟೋ ಸಲ ಹೇಳಬಹುದು. ಹಿರೊಹಿತೊ ಚಕ್ರವರ್ತಿಯ ಆಳ್ವಿಕೆಯ ಶೋವಾ ಯುಗ ಶುರುವಾದದ್ದು 1926ರ ಡಿಸೆಂಬರ್ 25ರಂದು. 'ಶೋ' ಅಂದರೆ ಹೊಳಪು, 'ವಾ' ಅಂದರೆ ಸಾಮರಸ್ಯ. ಕೂಡಲೇ ಆ 'ಸಾಮರಸ್ಯ'ಕ್ಕೆ 'ಮಗು' ಸೇರಿಸಿದ ಕಜುಕೊ ಎಂಬ ಹೆಸರು ಮನೆ ಮನೆಯಲ್ಲೂ ಕೇಳಿಸಿತು. 'ಹೊಳಪು' ಗಂಡು ಮಕ್ಕಳಿಗೆ ಹೋಯಿತು. ಶೋವಾ 2ನೇ ವರ್ಷದವರಿಗೆ 'ಎರಡು' ಸೇರಿಸಿ ಶೋಜಿ, 3ನೇ ವರ್ಷದವರಿಗೆ 'ಮೂರು' ಸೇರಿಸಿ ಶೋಜೊ. ಯುದ್ಧದ ವರ್ಷಗಳಲ್ಲಿ 'ಗೆಲುವು' ಎಂಬ ಕಾಂಜಿಯ ಮಸಾರು, 'ಶೌರ್ಯ' ಎಂಬ ಕಾಂಜಿಯ ಇಸಾಮು ಜಾಸ್ತಿ. ಈಗ ಹುಟ್ಟುವ ಮಕ್ಕಳಲ್ಲಿ ಗಿಡ, ಆಕಾಶ, ಬಂದರು, ಬೆಳಕು. ರೆನ್ ಎಂದರೆ ಕಮಲ, ಮಿನಾತೊ ಎಂದರೆ ಬಂದರು, ತ್ಸುಮುಗಿ ಎಂದರೆ ಗಂಟು ಗಂಟಾದ ನೂಲಿನಿಂದ ನೇಯ್ದ ರೇಷ್ಮೆ.

ಒಂದು ಕಾಲದಲ್ಲಿ ಹೆಣ್ಣು ಮಕ್ಕಳ ಹೆಸರಿನ ಕೊನೆಗೆ ತಪ್ಪದೆ ಬರುತ್ತಿದ್ದ 'ಕೊ' ಈಗ ಕಡಿಮೆ. ರಾಜಮನೆತನದಲ್ಲಿ ಮಾತ್ರ ಗಟ್ಟಿಯಾಗಿ ಉಳಿದಿದೆ.

ರಾಜಮನೆತನದ ಹೆಸರುಗಳನ್ನು ಹೇಗೆ ಆರಿಸುತ್ತಾರೆ?

ಹಳೆಯ ಗ್ರಂಥ ನೋಡಿ. 2001ರ ಡಿಸೆಂಬರ್ 1ರಂದು ಹುಟ್ಟಿದ ರಾಜಕುಮಾರಿ ಐಕೊ ಅವರ ಹೆಸರು 'ಪ್ರೀತಿ' ಮತ್ತು 'ಮಗು'. ಅವರಿಗೆ ತೊಶಿ ಎಂಬ ಬಿರುದಿನ ಹೆಸರೂ ಇದೆ, ಅದರ ಕಾಂಜಿ 'ಗೌರವ'. ಎರಡೂ ಬಂದದ್ದು ಹಳೆಯ ಚೀನೀ ತತ್ವಜ್ಞಾನಿ ಮೆನ್ಸಿಯಸ್‌ನ ಮಾತಿನಿಂದ: ಬೇರೆಯವರನ್ನು ಪ್ರೀತಿಸುವವನನ್ನು ಜನ ಪ್ರೀತಿಸುತ್ತಾರೆ, ಗೌರವಿಸುವವನನ್ನು ಜನ ಗೌರವಿಸುತ್ತಾರೆ. ಗಂಡಸರ ಹೆಸರಿನ ಕೊನೆಯ 'ಹಿತೊ', ಹಿರೊಹಿತೊ, ಅಕಿಹಿತೊ, ನರುಹಿತೊ, ಹಿಸಾಹಿತೊ ಎಲ್ಲದರಲ್ಲೂ ಒಂದೇ ಕಾಂಜಿ: 'ಕರುಣೆ'. ಮನುಷ್ಯ ಎಂಬ ಪದವೂ 'ಹಿತೊ', ಆದರೆ ಇಲ್ಲಿರುವುದು ಅದಲ್ಲ.

ಗೆರೆಗಳ ಲೆಕ್ಕ ನೋಡುತ್ತಾರಂತೆ, ನಿಜವಾ?

ನಿಜ. ಸೆಯ್‌ಮೆಯ್ ಹಂದಾನ್ ಎಂಬ ಹೆಸರಿನ ಶಾಸ್ತ್ರವದು. ಮನೆತನದ ಹೆಸರು, ಮಗುವಿನ ಹೆಸರು ಎರಡರ ಕಾಂಜಿಗಳ ಗೆರೆ ಎಣಿಸಿ, ಐದು ಬಗೆಯಲ್ಲಿ ಕೂಡಿಸಿ, ಶುಭ ಅಶುಭ ಹೇಳುತ್ತಾರೆ. ನಮ್ಮಲ್ಲಿ ಸಂಖ್ಯಾಶಾಸ್ತ್ರ ನೋಡಿ ಇಂಗ್ಲಿಷ್ ಸ್ಪೆಲ್ಲಿಂಗಿಗೆ ಇನ್ನೊಂದು ಅಕ್ಷರ ಸೇರಿಸುವವರಿಲ್ವಾ? ಹಾಗೇ ಅಲ್ಲಿ ಅಜ್ಜಿಯ ಮಾತಿಗೆ ಕಟ್ಟುಬಿದ್ದು ಕಾಂಜಿ ಬದಲಿಸುತ್ತಾರೆ. ತಮಾಷೆ ಏನೆಂದರೆ ಲೆಕ್ಕವೇ ಒಂದೇ ಇಲ್ಲ. 'ಜೌಗು' ಎಂಬ ಕಾಂಜಿಯನ್ನು ಹೊಸ ರೂಪದಲ್ಲಿ ಬರೆದರೆ 7 ಗೆರೆ, ಹಳೆಯ ರೂಪದಲ್ಲಿ 16. ಯಾವುದನ್ನು ಎಣಿಸಬೇಕು ಎಂಬುದರಲ್ಲೇ ಶಾಸ್ತ್ರದವರಿಗೆ ಒಮ್ಮತ ಇಲ್ಲ. ಮನೆಯವರಿಗೆ ಇಷ್ಟವಾದ ಕಾಂಜಿಯನ್ನು ಇದಕ್ಕಾಗಿ ಬಿಡಬಾರದು ಎಂದೇ ನಾನು ಹೇಳುವುದು.

ಕಾಂಜಿ ಇಲ್ಲದೆಯೂ ಹೆಸರಿಡಬಹುದಾ?

ಇಡಬಹುದು. ಕಾನಾ ಲಿಪಿಯ ಎರಡು ಬಗೆಗಳಾದ ಹಿರಗಾನ, ಕತಕಾನ ಎರಡಕ್ಕೂ ಒಪ್ಪಿಗೆ ಇದೆ, ರೋಮನ್ ಲಿಪಿಗೆ ಇಲ್ಲ. ಒಂದು ಕಾಲದಲ್ಲಿ ಹಾನಾ, ಉಮೆ ಎಂದು ಕಾನಾದಲ್ಲೇ ಹೆಸರು ಇದ್ದ ಹೆಂಗಸರು ಎಷ್ಟೋ. ಈಗ 'ಸಕುರಾ' ಎಂದು ಹಿರಗಾನದಲ್ಲಿ ಬರೆಸುವವರು ಅದರ ದುಂಡಗಿನ, ಮೆತ್ತಗಿನ ನೋಟಕ್ಕಾಗಿ ಹಾಗೆ ಮಾಡುತ್ತಾರೆ.

ಯುಕಿ, ಯೂಕಿ ಎರಡೂ ಒಂದೇನಾ?

ಅಲ್ಲ. ಯುಕಿ ಎಂದರೆ 'ಹಿಮ' ಆಗಬಹುದು. ಯೂಕಿ ಬೇರೆ ಹೆಸರು, 'ಮೃದು ಮನಸ್ಸು' ಮತ್ತು 'ಆಸೆ' ಎಂದು ಬರೆಯಬಹುದು, ಇನ್ನೂ ಹಲವು ಬಗೆಯಲ್ಲೂ ಬರೆಯಬಹುದು. ಪಾಸ್‌ಪೋರ್ಟಿನ ರೋಮನ್ ಬರಹದಲ್ಲಿ ದೀರ್ಘ ಸಾಮಾನ್ಯವಾಗಿ ಬಿದ್ದುಹೋಗಿ ಎರಡೂ ಒಂದೇ ಆಗುತ್ತವೆ. ನಮ್ಮ ಲಿಪಿಯಲ್ಲಿ ಹ್ರಸ್ವ ದೀರ್ಘ ಎರಡೂ ಇವೆ. ಕನ್ನಡದಲ್ಲಿ ಬರೆಯುವಾಗ ಇಂಗ್ಲಿಷ್ ಸ್ಪೆಲ್ಲಿಂಗ್ ನೋಡಿ ಬರೆಯದೆ, ಮೂಲದ ಓದು ಕೇಳಿ ಬರೆದರೆ ಹೆಸರು ಕೆಡುವುದಿಲ್ಲ.

ಜಪಾನಿನ ಹೆಸರುಗಳಲ್ಲಿ ನಮ್ಮ ಕಡೆಯ ಪದಗಳು ಇವೆಯಾ?

ಇವೆ, ಬೌದ್ಧ ಗ್ರಂಥಗಳ ಜೊತೆ ಚೀನಾ ದಾಟಿ ಹೋದವು. ಓಗಾಯಿ ಮಗಳಿಗೆ ಇಟ್ಟ ಮಾರಿ ಎಂಬ ಹೆಸರನ್ನು ಮತ್ತೆ ನೋಡಿ. ಅದರ ಎರಡು ಕಾಂಜಿ ಸೇರಿದರೆ ಮಲ್ಲಿಗೆ. ಅರ್ಥ ಮಾತ್ರ ಅಲ್ಲ, ಪದವೂ ಅದೇ: ಸಂಸ್ಕೃತದ ಮಲ್ಲಿಕಾ ಚೀನಾದಲ್ಲಿ ಮೊಲಿ ಆಗಿ, ಜಪಾನಿನಲ್ಲಿ ಮಾರಿ ಆಯಿತು. ರುರಿ ಎಂಬ ಹೆಸರು ನಮ್ಮ ವೈಡೂರ್ಯ. ಸಾರಾ ಎಂದು ಓದುವ ಒಂದು ಜೋಡಿ ಕಾಂಜಿ ಸಾಲ ಮರ, ಬುದ್ಧ ನಿರ್ವಾಣ ಹೊಂದಿದ್ದು ಅದರ ಅಡಿಯಲ್ಲಿ. ಮಾಯಾ ಎಂದು ಓದುವ ಒಂದು ಜೋಡಿ ಬುದ್ಧನ ತಾಯಿ ಮಾಯಾದೇವಿಯ ಹೆಸರು. ಕೋಬೆ ನಗರದ ಬೆನ್ನಿಗೆ ಮಾಯಾ ಎಂಬ ಬೆಟ್ಟವೇ ಇದೆ.

ನಾವು ಕನ್ನಡದವರು, ಮಗು ಜಪಾನಿನಲ್ಲಿ ಹುಟ್ಟುತ್ತಿದೆ. ಕಾಂಜಿ ಹೆಸರು ಇಡಬಹುದಾ?

ತಂದೆ ತಾಯಿ ಇಬ್ಬರಲ್ಲಿ ಒಬ್ಬರು ಜಪಾನಿನ ಪ್ರಜೆಯಾಗಿದ್ದರೆ ಮಗು ಕೊಸೆಕಿಗೆ ಸೇರುತ್ತದೆ, ಆಗ ಕಾಂಜಿ ಹೆಸರು ಇಡಬಹುದು. ಇಬ್ಬರೂ ಭಾರತೀಯರಾಗಿದ್ದರೆ ಮಗುವಿಗೆ ಕೊಸೆಕಿ ಇಲ್ಲ. ಆದರೂ ಹುಟ್ಟಿದ 14 ದಿನಗಳ ಒಳಗೆ ಸ್ಥಳೀಯ ಕಚೇರಿಯಲ್ಲಿ ಜನನ ನೋಂದಣಿ ಮಾಡಿಸಲೇಬೇಕು. ಅಲ್ಲಿ ಹೆಸರನ್ನು ಕತಕಾನದಲ್ಲಿ ಬರೆಯುತ್ತಾರೆ. ಮಗುವಿನ ವಾಸದ ಪರವಾನಗಿಗೆ 30 ದಿನಗಳ ಒಳಗೆ ಅರ್ಜಿ ಹಾಕಬೇಕು. ಈ ತಾರೀಖುಗಳನ್ನು ಬಾಣಂತನದ ಗಡಿಬಿಡಿಯಲ್ಲಿ ಮರೆಯಬೇಡಿ. ಜಪಾನಿನವರಿಗೂ ಆ 14 ದಿನವೇ ಗಡುವು. ಅವರಲ್ಲಿ ಏಳನೇ ರಾತ್ರಿ 'ಓಶಿಚಿಯಾ' ಮಾಡಿ, ಹೆಸರನ್ನು ಬಿಳಿ ಹಾಳೆಯ ಮೇಲೆ ಕುಂಚದಲ್ಲಿ ಬರೆದು ಮನೆಯಲ್ಲಿ ತೂಗುಹಾಕುವ ಪದ್ಧತಿ ಇರುವುದರಿಂದ, ಹೆಸರು ಬೇಗ ನಿಕ್ಕಿಯಾಗುತ್ತದೆ. ನಮ್ಮಲ್ಲಿ ನಾಮಕರಣ ಮೂರನೇ ತಿಂಗಳಿಗೆ ಹೋಗುವುದುಂಟು, ಅಲ್ಲಿ ಅಷ್ಟು ಕಾಯಲು ಆಗುವುದಿಲ್ಲ.

ಸದ್ದನ್ನೂ ನೋಡಿಕೊಳ್ಳಿ. ಜಪಾನೀಸಿನಲ್ಲಿ 'ಲ' ಇಲ್ಲ, ಲೀಲಾ ಅಲ್ಲಿ ರೀರಾ ಆಗುತ್ತಾಳೆ. ಉಮಾ ಎಂದು ಕರೆದರೆ ಕೇಳಿದವರಿಗೆ ಕುದುರೆ ನೆನಪಾಗುತ್ತದೆ. ಹರಿ ಎಂದರೆ ಸೂಜಿ. ಶ್ರೀನಿವಾಸನನ್ನು ಮನೆಯಲ್ಲಿ ಶೀನು ಎಂದು ಕೂಗುತ್ತೀರಾ? ಅಲ್ಲಿ 'ಶಿನು' ಎಂದರೆ ಸಾಯುವುದು. ದೀರ್ಘ ಇರುವುದರಿಂದ ಪದ ಬೇರೆಯೇ, ಆದರೂ ಪಾರ್ಕಿನಲ್ಲಿ ಕೂಗಿದರೆ ಪಕ್ಕದವರು ತಿರುಗಿ ನೋಡಬಹುದು. ಮಾಯಾ, ಮೀರಾ, ಮಯೂರಿ ಇವು ಎರಡೂ ಕಡೆ ಸಲೀಸು.

ಸುಮ್ನೆ ಇಷ್ಟಕ್ಕೆ ನನ್ನ ಹೆಸರನ್ನು ಕಾಂಜಿಯಲ್ಲಿ ಬರೆಸಿಕೊಳ್ಳಬಹುದಾ?

ಧಾರಾಳವಾಗಿ. ಸದ್ದಿಗೆ ಹೊಂದುವ ಕಾಂಜಿ ಹುಡುಕುವುದನ್ನು 'ಅತೆಜಿ' ಎನ್ನುತ್ತಾರೆ. ಮಯೂರಿಗೆ 'ನಿಜ', 'ಕಾರಣ', 'ಹಳ್ಳಿ' ಎಂದು ಬರೆಯಬಹುದು. ಆದರೆ ಆನ್‌ಲೈನಿನಲ್ಲಿ ಹೆಸರು ಹಾಕಿದ ಕೂಡಲೇ ಕಾಂಜಿ ಉದುರಿಸುವ ಆಪ್‌ಗಳನ್ನು ನಂಬಿ ಟ್ಯಾಟೂ ಹಾಕಿಸಿಕೊಳ್ಳಬೇಡಿ. ಮೊದಲು ಆ ಕಾಂಜಿಗಳನ್ನು ಜಪಾನೀಸ್ ಮಾತೃಭಾಷೆಯವರೊಬ್ಬರಿಗೆ ತೋರಿಸಿ. "ಇದರ ಅರ್ಥ ಏನು?" ಎಂದು ಕೇಳಬೇಡಿ, "ಇದನ್ನು ನೋಡಿದರೆ ನಿಮಗೆ ಏನು ನೆನಪಾಗುತ್ತದೆ?" ಎಂದು ಕೇಳಿ. ಅವರು ಒಂದು ಕ್ಷಣ ತಡವರಿಸಿದರೂ ಬೇರೆ ಕಾಂಜಿ ಹುಡುಕಿ.